ನೆಗ್ಗಿಲ ಕಷಾಯ, ಆಯಿಯ ಮಡಿಲು

ಇವತ್ತು ಬೆಳಿಗ್ಗೆ ಸೊಸೆ ನನಗೆಂದು ಬಿಸಿನೀರಿಗೆ ನೆಗ್ಗಿಲ ಪುಡಿ ಹಾಕಿ ಕಲಕಿದಳು. ಮುಟ್ಟು ನಿಂತ ಮೇಲೆ ಉಚ್ಚೆ ತಡೆಯಲಾಗದ ಹೆಂಗಸರಿಗೆ ಒಳ್ಳೆಯದೆಂದು ಅಂಗಡಿಯವನು ಕೊಟ್ಟನಂತೆ. ಇವತ್ತೇ ನನ್ನ ಮಗಳ ಚೊಚ್ಚಲ ಕೂಸಿಗೆ ಹೆಸರಿಡುವ ದಿನ. ನಾನು ಅಜ್ಜಿಯಾದೆನೆಂದು ಕಂಡಕಂಡವರಿಗೆಲ್ಲ ಹೇಳಿ, ಹಾಲಿನವನಿಗೆ ದಿನಾ ಹೇಳಿ ಬೈಸಿಕೊಂಡಿದ್ದೇನೆ. ಅಂಥ ಹಿಗ್ಗಿನಲ್ಲಿದ್ದವಳ ಮೂಗಿಗೆ ಆ ಒಗರು ವಾಸನೆ ಬಂದು ಎದೆ ಭಾರವಾಯಿತು. ನಿಮಗೂ ಹೀಗೆ ಆಗಿರಬೇಕು.

ನಿಜಾಮನ ರಾಜ್ಯದ ಕೊನೆಯ ವರ್ಷಗಳು, ಚಿತ್ತಾಪುರದಲ್ಲಿ ನಮ್ಮ ಮನೆ. ಸಾಲೆಯಲ್ಲಿ ಉರ್ದು, ಮಠದಲ್ಲಿ ಕನ್ನಡ ಅಂತ ನಾಲ್ಕಕ್ಷರ ಕಲಿತು, ಎರಡನ್ನೂ ಬೆರೆಸಿ ಮರೆತವಳು ನಾನು. ಅಪ್ಪನ ತಾಯಿ, ನಮ್ಮ ಆಯಿಯನ್ನು ಮಾತ್ರ ಮರೆತಿಲ್ಲ. ಓಣಿಯ ಯಾವ ಕೂಸು ಅತ್ತರೂ ಆಕೆಯ ಮಡಿಲಿಗೆ ಬಂದು ಸುಮ್ಮನಾಗುತ್ತಿತ್ತು.

ಮುಟ್ಟು ನಿಂತ ಕೆಲ ವರ್ಷಕ್ಕೆ ಆಯಿಗೆ ಇದೇ ತ್ರಾಸು ಶುರುವಾಯಿತು. ಕೆಮ್ಮಿದರೆ, ನಕ್ಕರೆ ಸೀರೆ ಒದ್ದೆ. ಅವ್ವ ಹೊಲದ ಬದುವಿನಿಂದ ನೆಗ್ಗಿಲ ಮುಳ್ಳು ಆರಿಸಿ ತಂದು, ಕೊತ್ತಂಬರಿ ಬೀಜದ ಜೊತೆ ಕುದಿಸಿ, ತಂಬಿಗೆ ತುಂಬ ಕೊಟ್ಟಳು.

“ಇಷ್ಟು ಕುಡದು ಎಲ್ಲಿ ಹೋಗ್ಲೆವ್ವಾ?” ಅಂದಳು ಆಯಿ.

ಹೆಂಗಸರು ಬಯಲಿಗೆ ಹೋಗುವುದು ನಸುಕಿನಲ್ಲಿ, ಇಲ್ಲವೆ ಕತ್ತಲಾದ ಮೇಲೆ. ಬಚ್ಚಲು ಪಡಸಾಲೆಗೆ ಹತ್ತಿಕೊಂಡೇ ಇತ್ತು. ಗಂಡಸರು ಕುಳಿತಿರುವಾಗ ಅತ್ತ ಹೆಜ್ಜೆ ಇಡುವಂತಿರಲಿಲ್ಲ. ಹಾಗಾಗಿ ಆಯಿ ತಂಬಿಗೆ ಕಷಾಯವನ್ನು ಒಂದು ಗುಟುಕಾಗುವ ತನಕ ಬತ್ತಿಸಿ ಕುಡಿದಳು. ಗಟ್ಟಿಯಾದಷ್ಟೂ ಗುಣ ಹೆಚ್ಚು ಎಂದು ಆಕೆಯ ಲೆಕ್ಕ. ಆ ಬಿಸಿಲಿನಲ್ಲಿ ನೀರನ್ನೂ ಬಿಟ್ಟಳು. ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಉಚ್ಚೆಯ ಉರಿ ಹೆಚ್ಚಿತು, ಅವಸರ ಅದಕ್ಕಿಂತ ಹೆಚ್ಚಿತು.

ಅಷ್ಟರಲ್ಲಿ ಆಯಿಯ ಒಬ್ಬಳೇ ಮಗಳು ಬಾಣಂತನಕ್ಕೆ ಬಂದು ಗಂಡು ಹೆತ್ತಳು. ಹೆಸರಿಡುವ ದಿನ ಸೇಡಂನಿಂದ ಬೀಗರು ಬಂದರು. ಪಡಸಾಲೆ ತುಂಬ ರುಮಾಲಿನ ಗಂಡಸರು. ಮುಂಜಾನೆಯಿಂದ ತಡೆದುಕೊಂಡು ಕುಳಿತಿದ್ದ ಆಯಿಯ ಮಡಿಲಿಗೆ ಕೂಸನ್ನು ಕೊಟ್ಟರು. ಯಾರೋ ಏನೋ ಅಂದರು, ಆಯಿ ನಕ್ಕಳು. ಸೀರೆ ತೊಯ್ದಿತು.

“ನೋಡ್ರಿ, ಸಣ್ಣ ಧಣಿ ಮಡಲು ತೊಯ್ಸ್ಯಾನ,” ಅಂದಳು.

ಹೆಂಗಸರೆಲ್ಲ ನಕ್ಕರು. ಬೀಗ್ತಿ, ಅಂದರೆ ಆ ಮಗಳ ಅತ್ತೆ, ಕೂಸನ್ನು ಎತ್ತಿಕೊಂಡು ಅದರ ಬಟ್ಟೆಯ ಮೇಲೆ ಕೈಯಾಡಿಸಿ ಅಂದಳು:

“ಇವನ ಅರಿವಿ ಒಣಗೇ ಅದಲ್ರೀ ಬೀಗ್ತಿ. ತಪ್ಪು ಕೂಸಿನ ಮ್ಯಾಲ ಹಾಕ್ತೀರೇನು?”

ಈ ಸಲ ಯಾರೂ ನಗಲಿಲ್ಲ. ಅದೇ ಕೆಟ್ಟದ್ದಾಯಿತು.

ಆಮೇಲೆ ಆಯಿ ಯಾವ ಕೂಸನ್ನೂ ಮುಟ್ಟಲಿಲ್ಲ. ಮಗಳು ತಂದುಕೊಟ್ಟರೆ “ಕೈ ನೋಯ್ತಾವ ತಾಯಿ” ಎಂದು ಗೋಡೆಯ ಕಡೆ ಹೊರಳುತ್ತಿದ್ದಳು. ಮೊಮ್ಮಗ ನಡೆಯಲು ಕಲಿತು ತಾನಾಗಿ ಹತ್ತಿರ ಬಂದಾಗಲೂ, ಕೊಬ್ಬರಿ ಚೂರನ್ನು ಕೈಚಾಚಿ ದೂರದಿಂದಲೇ ಕೊಡುತ್ತಿದ್ದಳು. ಅವನು ಮಡಿಲು ಹತ್ತಲು ಕಾಲೆತ್ತಿದರೆ ಎದ್ದು ಒಳಗೆ ಹೋಗುತ್ತಿದ್ದಳು. ಹಾಗೆಯೇ ಇದ್ದು ಹೋದಳು.

ಇವತ್ತು ನಮ್ಮ ಮನೆಯಲ್ಲೂ ಬೀಗರು ತುಂಬಿದ್ದರು. ಸೊಸೆ ಕೊಟ್ಟದ್ದನ್ನು ಪೂರ್ತಿ ಕುಡಿದಿದ್ದೆ; ಗುಣ ಕಾಣಿಸುವುದೋ ಇಲ್ಲವೋ, ನೋಡಬೇಕು. ಮೊಮ್ಮಗಳು ಮಡಿಲಲ್ಲಿ ಆಕಳಿಸುತ್ತಿರುವಾಗಲೇ ಅವಸರ ಬಂತು. ಗಂಡಸರಿಗೂ ಕೇಳುವಂತೆ ಅಂದೆ:

“ಯಾರರ ಕೂಸಿನ್ನ ಹಿಡೀರಿ. ನನಗ ತಡೀಲಿಕ್ಕೆ ಆಗಂಗಿಲ್ಲ, ಹೋಗಿ ಬರ್ತೀನಿ. ಬಂದು ಮತ್ತ ನಾನೇ ತಗೋತೀನಿ.”

ಸೊಸೆ ಬಂದು ಕೂಸನ್ನು ಎತ್ತಿಕೊಂಡಳು. ಮಗಳ ಅತ್ತೆ ಮೊಣಕಾಲು ಹಿಡಿದುಕೊಂಡು ಎದ್ದಳು.

“ತಡೀರಿ ಬೀಗ್ತಿ, ನಾನೂ ಬಂದೆ.”