ನಡುಗಡ್ಡೆಯಲ್ಲಿ ಹೆಸರು ಹಿಡಿದು ಕೂಗಬಾರದು

ನಾನು ನಡುಗಡ್ಡೆಗೆ ಸೊಸೆಯಾಗಿ ಬಂದದ್ದು ನಡೆದುಕೊಂಡು. ಹೀಗೆಂದರೆ ನಗುವವರಿದ್ದಾರೆ. ನಗಲಿ, ಸಿರಾ ಸೀಮೆಯ ಕೆರೆ ಕಂಡವರು ನಗುವುದಿಲ್ಲ. ವೈಶಾಖದಲ್ಲಿ ಆ ದೊಡ್ಡ ಕೆರೆಯ ನೀರೆಲ್ಲ ಏರಿಯ ಬುಡದ ಗುಂಡಿಗೆ ಸರಿದು, ಉಳಿದದ್ದೆಲ್ಲ ಬಿರುಕುಬಿಟ್ಟ ಮಣ್ಣಾಗಿರುತ್ತಿತ್ತು. ನಡುವೆ ಒಂದು ದಿಬ್ಬ, ದಿಬ್ಬದ ಮೇಲೆ ಮೂರು ಮನೆ, ಒಂದು ಹುಣಸೆಮರ. ಗಂಡು ನೋಡಲು ಬಂದಿದ್ದ ನನ್ನಪ್ಪ ಕಂಡದ್ದು ಇಷ್ಟೇ. "ಊರಿಂದ ವಸಿ ದೂರ, ಅಷ್ಟೇಯ. ಬೇವಿನ ಮರದತ್ರ ಗಾಡಿ ಇಳ್ದು ನೆಟ್ಟಗೆ ನಡ್ಕೊಂಡೋದ್ರೆ ಮನೆ ಬಾಗ್ಲು" ಎಂದು ಅವ್ವನಿಗೆ ಹೇಳಿದ. ಈ ಮಾತು ನೆನಪಿರಲಿ. ಮುಂದೆ ನನ್ನ ಹೊಟ್ಟೆ ಉರಿಸಿದ್ದು ಇದೇ ಮಾತು.

ಹೊಸಬರು ಯಾರಾದರೂ ನೀರಿನ ನಡುವೆ ಬಾಳಲು ಹೊರಟರೆ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾಲ್ಕಕ್ಷರ ಕಲಿಸಿದವನು ಅಪ್ಪ, ಸುಣ್ಣದ ಗೂಡಿನ ಮುಂದೆ ಕೈಗೆ ಇದ್ದಿಲು ಕೊಟ್ಟು. ನಮ್ಮದು ಕೊರಟಗೆರೆ ಕಡೆ ಸುಣ್ಣ ಸುಡುವ ಮನೆ. ಗಂಡನ ಮನೆಯವರು ಮೀನು ಹಿಡಿಯುವವರು. ಕುಲ ಒಂದೇ ಆದರೂ ನಾವು ಬಲೆ ಮುಟ್ಟಿದವರಲ್ಲ, ಅವರು ಗೂಡು ಕಂಡವರಲ್ಲ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಬಿದ್ದರೆ ಹೇಗೆ ಕೊತಕೊತ ಕುದಿಯುತ್ತದೆಂದು ಗೊತ್ತಿರುವವರಿಗೆ ನನ್ನ ಸ್ವಭಾವವನ್ನೂ ನನ್ನ ಅವ್ವನ ಸ್ವಭಾವವನ್ನೂ ಬೇರೆ ವಿವರಿಸಬೇಕಾಗಿಲ್ಲ.

ಹಿಂಗಾರು ಹಿಡಿದು, ಒಂದು ಬೆಳಿಗ್ಗೆ ಎದ್ದು ನೋಡಿದರೆ ನಾನು ನಡೆದುಬಂದ ದಾರಿ ಇರಲಿಲ್ಲ. ಕೆಂಪು ನೀರು ಹಿತ್ತಲಿನ ಬೇಲಿಯವರೆಗೆ ಬಂದು ಕೂತಿತ್ತು. "ದಾರಿ ಎಲ್ಲತ್ತೆ?" ಎಂದೆ. ಅತ್ತೆ ಅಂಗಳ ಗುಡಿಸುವುದನ್ನು ನಿಲ್ಲಿಸದೆ, "ಬ್ಯಾಸ್ಗೇಗೆ ಬತ್ತದೆ ಬುಡು" ಎಂದಳು. ನನಗೆ ಅಳು ಬಂತು. ಅತ್ತೆಗೆ ಅದು ಕಾಣಲಿಲ್ಲವೋ, ಕಂಡರೂ ಎಲ್ಲ ಸೊಸೆಯರೂ ಹೀಗೇ ಎಂದು ಸುಮ್ಮನಾದಳೋ ಗೊತ್ತಿಲ್ಲ.

ನೀರು ಏರಿದಾಗ ನಡುಗಡ್ಡೆಗೆ ಬರುವವರು ನೀವೊಬ್ಬರೇ ಅಲ್ಲ. ಹಾವು, ಚೇಳು, ಹೆಗ್ಗಣ, ಎಲ್ಲಕ್ಕೂ ಒಣನೆಲ ಅದೊಂದೇ. ಹಾಸಿಗೆ ಕೊಡವದೆ ಮಲಗಬಾರದು. ಒಲೆಯ ಕೆಂಡ ಆರಲು ಬಿಡಬಾರದು. ಸುತ್ತ ನೀರಿದೆಯಲ್ಲ ಎಂದು ಬಾಯಿ ಹಾಕಿದರೆ ಹೊಟ್ಟೆಯೇ ಬುದ್ಧಿ ಕಲಿಸುತ್ತದೆ. ದಡದ ಮರಳು ತೋಡಿ ಒರತೆ ನೀರು ತುಂಬಿಕೊಳ್ಳಬೇಕು. ಇನ್ನು ನೆರೆಮನೆಯವಳ ಜೊತೆ ಜಗಳ ಬೇಡವೇ ಬೇಡ. ನಾನು ಒಂದು ಮೊರದ ವಿಷಯಕ್ಕೆ ಜಗಳ ತೆಗೆದು, ಬೇಸಿಗೆಯವರೆಗೂ ಮುಖ ತಿರುಗಿಸಲು ಜಾಗವಿಲ್ಲದೆ ಒದ್ದಾಡಿದೆ. ಯಾವ ಕಡೆ ತಿರುಗಿದರೂ ಅವಳೇ ಇರುತ್ತಿದ್ದಳು, ಅವಳ ಕೈಯಲ್ಲಿ ಆ ಮೊರವೂ ಇರುತ್ತಿತ್ತು.

ಇವೆಲ್ಲ ಕಲಿಯಬಹುದಾದ ಕಷ್ಟಗಳು. ಕಲಿಯಲಾಗದ್ದು ಹಗಲು. ಬೆಳಕು ಹರಿಯುವ ಮುಂಚೆ ಗಂಡಸರು ಹರಿಗೋಲು ಹತ್ತಿ ಹೋದರೆ, ಬಲೆ ಎತ್ತಿ, ಏರಿ ಮೇಲಿನ ಊರಿಗೋ ಸಿರಾ ಸಂತೆಗೋ ಮೀನು ಹಾಕಿ ತಿರುಗಿ ಬರುವುದು ಹೊತ್ತು ಮುಳುಗಿದ ಮೇಲೆ. ಎಷ್ಟೋ ಸಲ ಮಾರನೆಯ ದಿನ. ಹರಿಗೋಲು ಹೋಯಿತೆಂದರೆ ದಾರಿಯೂ ಅದರ ಜೊತೆ ಹೋದಂತೆ. ಉಳಿದ ಹೆಂಗಸರು ಹುಣಸೆಯ ಕೆಳಗೆ ಕೂತು ಬಲೆ ಹೆಣೆಯುತ್ತಿದ್ದರು. ನನಗೆ ಆ ಗಂಟು ಬರುತ್ತಿರಲಿಲ್ಲ, ಅವರ ಮಾತೂ ಹತ್ತುತ್ತಿರಲಿಲ್ಲ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ನನ್ನ ಮನಸ್ಸು ಸದಾ ಏರಿಯ ಕಡೆಗೇ ಎಳೆಯುತ್ತಿತ್ತು. ನನಗೆ ಅವ್ವ ಬೇಕಾಗಿದ್ದಳು. ಬಸಿರಾದ ಮೇಲಂತೂ ಬೇರೆ ಏನೂ ಬೇಕಾಗಿರಲಿಲ್ಲ.

ಆ ನಡುಗಡ್ಡೆಯಲ್ಲಿ ಒಂದು ಕಟ್ಟುಪಾಡಿತ್ತು. ನೀರಿನ ಮೇಲೆ ಯಾರನ್ನೂ ಹೆಸರು ಹಿಡಿದು ಕೂಗುವಂತಿಲ್ಲ, ಕೂಗಿದರೆ ಓಗೊಡುವಂತಿಲ್ಲ. ಹೆಸರು ಒಮ್ಮೆ ಕೆರೆಯ ಕಿವಿಗೆ ಬಿದ್ದರೆ ಕೆರೆ ಅದನ್ನು ಕಲಿತುಕೊಂಡು ತಾನೇ ಕರೆಯುತ್ತದೆ ಎಂದು ನಂಬಿದ್ದರು. ದಡದಿಂದ ಕರೆಯಬೇಕಾದವರು ತಟ್ಟೆ ಬಡಿಯಬೇಕು. ಮೀನು ಕೊಳ್ಳಲು ಬರುತ್ತಿದ್ದ ಸಿರಾದ ಸಾಬರು ಬೇವಿನ ಮರದ ಕೆಳಗೆ ನಿಂತು ತಕ್ಕಡಿಯ ಹಿತ್ತಾಳೆ ತಟ್ಟೆಯನ್ನು ಕಲ್ಲಿನಿಂದ ಬಡಿಯುತ್ತಿದ್ದರು. ಮನೆಯಲ್ಲಿದ್ದ ದಿನ ನನ್ನ ಗಂಡ ಹೋಗಿ ಕರೆತರುತ್ತಿದ್ದ. "ಏನ್ ಬೇಟಿ, ಪಾನಿ ಮಧ್ಯ ಮನ್ಸು ನಿಲ್ತಾ?" ಎಂದು ಅವರು ನಗುತ್ತ ಕೇಳಿದರೆ ನನಗೆ ಅಷ್ಟೇ ಸಾಕಾಗಿ, ಅಂದೆಲ್ಲ ಗೆಲುವಾಗಿರುತ್ತಿದ್ದೆ. ಮನೆಯವರಿಗೆ ಹೊರಗೆ ಹೆಸರು ಹಿಡಿಯದ ಅಭ್ಯಾಸ ಒಳಗೂ ಅಂಟಿಕೊಂಡಿತ್ತು. ಅತ್ತೆಗೆ ನಾನು 'ನಮ್ಮುಡುಗಿ', ಗಂಡನಿಗೆ 'ಏ ಇವಳೇ'. ನನಗೊಂದು ಹೆಸರಿದೆ ಎಂಬುದು ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ನಾನು ಬಸಿರಾದ ಸುದ್ದಿಯನ್ನು ಸಿರಾ ಸಂತೆಗೆ ಬರುವ ಕೊರಟಗೆರೆಯ ಸುಣ್ಣದ ಗಾಡಿಯವನ ಕೈಯಲ್ಲಿ ಹೇಳಿಕಳಿಸಿದ್ದೆವು. ಚೊಚ್ಚಲ ಹೆರಿಗೆ ತವರಿನಲ್ಲಿ, ಏಳು ತುಂಬಿದಾಗ ಬಂದು ಕರೆದುಕೊಂಡು ಹೋಗಲಿ ಎಂದೂ ಹೇಳಿದ್ದೆವು. ಕೆರೆ ತುಂಬಿದೆ ಎಂದು ಮಾತ್ರ ಯಾರೂ ಹೇಳಿಕಳಿಸಲಿಲ್ಲ. ನೀರಿನಲ್ಲೇ ಬಾಳುವವರಿಗೆ ನೀರು ಒಂದು ಸುದ್ದಿಯೇ? ದೀಪಾವಳಿಗೂ ಮೀನಿನ ಕಾಲವೆಂದು ನಮ್ಮನ್ನು ಕಳಿಸಿರಲಿಲ್ಲವಾದ್ದರಿಂದ, ತವರಿನವರ ತಲೆಯಲ್ಲಿ ಅಪ್ಪ ಹೇಳಿದ ಬೇಸಿಗೆಯ ದಾರಿಯೇ ಉಳಿದಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ. ಗಂಡಸರೆಲ್ಲ ಸಿರಾ ಸಂತೆಗೆ ಹೋಗಿದ್ದರು, ಹರಿಗೋಲುಗಳೆಲ್ಲ ಏರಿಯ ಹತ್ತಿರ ಇದ್ದವು. ಹೊತ್ತು ಇಳಿದ ಮೇಲೆ ಬಸುರಿ ದಡಕ್ಕೆ ಹೋಗಬಾರದೆಂದು ನಾನು ಒಳಗೆ ಸೊಪ್ಪು ಸೋಸುತ್ತ ಕೂತಿದ್ದೆ. ಆಗ ನನ್ನ ಹೆಸರು ಕೇಳಿಸಿತು. ಸುಣ್ಣದ ಗೂಡಿನಿಂದ ಊಟಕ್ಕೆ ಕರೆಯುವಾಗ ಅವ್ವ ಕೊನೆಯ ಅಕ್ಷರವನ್ನು ಎಳೆಯುತ್ತಿದ್ದಳಲ್ಲ, ಹಾಗೆಯೇ ಎಳೆದು, ಹಾಗೆಯೇ ನಿಲ್ಲಿಸಿ.

ನಾನು ಎದ್ದೆ. ಅತ್ತೆ ನನಗಿಂತ ಮುಂಚೆ ಎದ್ದು ಬಾಗಿಲಿಗೆ ಅಗುಳಿ ಹಾಕಿದಳು.

"ನಮ್ಮವ್ವ ಕಣತ್ತೆ" ಎಂದೆ.

"ಅಲ್ಲ ಕಣಮ್ಮ. ನಿಮ್ಮವ್ವ ಬಂದಿದ್ರೆ ತಟ್ಟೆ ಬಡೀತಿದ್ಲು. ಓ ಅನ್ಬ್ಯಾಡ."

"ಅವ್ವಂಗೆ ಅದೆಲ್ಲ ಹೆಂಗೆ ಗೊತ್ತಾಯ್ತದೆ? ದನಿ ಅವಳ್ದೇ ಅತ್ತೆ!"

"ಗೊತ್ತಿರೋ ದನೀಲೇ ಕಣಮ್ಮ ಅದು ಕರ್ಯಾದು." ಅತ್ತೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ನನ್ ಮಗ್ಳು ನಿನ್ ವಯಸ್ನೋಳು. ಅವ್ವ ಕರೀತಾವ್ಳೆ ಅಂತ ಓ ಅಂದು ಎದ್ದು ನೀರಿಗೋದ್ಲಂತೆ. ಪಕ್ಕದ ಮನೆಯೋಳು ನೋಡವ್ಳೆ. ನಾನು ಇದೇ ಒಲೆ ಮುಂದೆ ಕುಂತಿದ್ದೆ. ನಾನು ಕರ್ದೇ ಇರ್ನಿಲ್ಲ."

ಅತ್ತೆಗೊಬ್ಬಳು ಮಗಳಿದ್ದಳೆಂಬುದು ನನಗೆ ತಿಳಿದದ್ದು ಆಗಲೇ. ಅವಳು ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿ, ಎರಡು ಕೈಯಿಂದ ನನ್ನ ಕಿವಿ ಮುಚ್ಚಿದಳು. ಮುಚ್ಚಿದ ಕೈಯನ್ನೂ ದಾಟಿ ನನ್ನ ಹೆಸರು ಬರುತ್ತಿತ್ತು. ಮೊದಲು ಗಟ್ಟಿಯಾಗಿ, ಆಮೇಲೆ ಬೈಗುಳ ಸೇರಿಸಿ, ಆಮೇಲೆ ಬರೀ ಹೆಸರು. ಆಮೇಲೆ ಗಂಟಲು ಒಡೆದ ಹಾಗಾಗಿ ನಿಂತುಹೋಯಿತು. ನಾನು ಓಗೊಡಲಿಲ್ಲ. ಅತ್ತೆಯ ಭಯ ಸುಳ್ಳಲ್ಲ, ನನ್ನ ಅವ್ವನ ದನಿಯೂ ಸುಳ್ಳಲ್ಲ, ಎರಡರ ನಡುವೆ ನಾನಿದ್ದೆ.

ಮಾರನೆಯ ಬೆಳಿಗ್ಗೆ ಗಂಡ ಬಂದಾಗ ಹರಿಗೋಲಿನಲ್ಲಿ ಒಂದು ಗಂಟಿತ್ತು. ಬೇವಿನ ಮರದ ಕೊಂಬೆಗೆ, ಇರುವೆ ಹತ್ತದಂತೆ ನೇತುಹಾಕಿತ್ತಂತೆ. ಬಿಚ್ಚಿದರೆ ಚಿಗಳಿ ಉಂಡೆ, ತಂಬಿಟ್ಟು, ಹಸಿರು ಬಳೆ, ಅವ್ವನ ಹಳೆಯ ಸೀರೆಯಲ್ಲಿ ಹೊಲಿದ ಒಂದು ಪುಟ್ಟ ಕೌದಿ. ಸುಣ್ಣದ ಗಾಡಿಯಲ್ಲಿ ಬಂದು ಬೇವಿನ ಮರದ ಹತ್ತಿರ ಇಳಿದಿದ್ದಾಳೆ. ಮುಂದೆ ನೋಡಿದರೆ ನೆಟ್ಟಗೆ ನಡೆಯುವ ದಾರಿಯಲ್ಲಿ ಸಮುದ್ರದಷ್ಟು ನೀರು. ಆ ದಡದಲ್ಲಿ ಕೇಳೋಣವೆಂದರೆ ಮನೆಯಿಲ್ಲ, ಮನುಷ್ಯರಿಲ್ಲ. ಸಂತೆಯಲ್ಲಿ ಸುಣ್ಣ ಇಳಿಸಿ ಗಾಡಿ ತಿರುಗಿ ಬರುವವರೆಗೂ ಕೂಗಿ, ಅದೇ ಗಾಡಿ ಹತ್ತಿ ಹೋಗಿದ್ದಾಳೆ. ಬಂದ ದಾರಿಗೆ ಸುಂಕವಿಲ್ಲ ಎಂಬಂತೆ. ಅತ್ತೆ ಆ ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡು ಒಂದೊಂದೇ ಹೊಲಿಗೆಯನ್ನು ಬೆರಳಿನಿಂದ ಸವರಿದಳು. ಆಮೇಲೆ ಮಗನಿಗೆ, "ಇವತ್ತೇ ಹೊಲ್ಡು. ಬೀಗ್ತಿ ಕಾಲಿಗೆ ಬಿದ್ದು ಹೇಳು, ನಾನು ಬಾಗ್ಲಾಕಿದ್ದು ಅಂತ" ಎಂದಳು.

ಅವನು ಹೋದ, ಹೇಳಿದ. ಅವ್ವ ಎಲ್ಲವನ್ನೂ ಕೇಳಿ ಒಂದೇ ಮಾತು ಆಡಿದಳಂತೆ: "ಅತ್ತೆಗೆ ಅನ್ನಿಸ್ಲಿ. ನನ್ ದನಿ ನೀರಿನ ದನಿ ಅಂತ ನನ್ ಮಗ್ಳಿಗೂ ಅನ್ನಿಸ್ತಾ?" ಅವಳು ಮತ್ತೆ ಬರಲಿಲ್ಲ. ಗಾಡಿಯ ಕುಲುಕಾಟಕ್ಕೆ ಹೆದರಿ ಅತ್ತೆ ನನ್ನನ್ನೂ ಕಳಿಸಲಿಲ್ಲ. ಹೆರಿಗೆ ನಡುಗಡ್ಡೆಯಲ್ಲೇ ಆಯಿತು. ಸೂಲಗಿತ್ತಿಯಾಗಿ ಬಂದವಳು ಮೊರದ ಜಗಳದ ನೆರೆಮನೆಯವಳೇ.

ಬೇಸಿಗೆಗೆ ನೀರಿಳಿದು ದಾರಿ ಬಿದ್ದ ಮೇಲೆ, ಕಂಕುಳಲ್ಲಿ ಮಗು, ಮಗುವಿನ ಸುತ್ತ ಆ ಕೌದಿ, ಕೆರೆಯಂಗಳ ದಾಟಿ ತವರಿಗೆ ಹೋದೆ. ಅವ್ವ ಮಗುವನ್ನು ಕಿತ್ತುಕೊಂಡಳು, ನನ್ನ ಮುಖ ನೋಡಲಿಲ್ಲ. ಮಧ್ಯಾಹ್ನ ಕೂರಿಸಿ ತಲೆಗೆ ಎಣ್ಣೆ ಒತ್ತಿದಳು, ಎದುರಿಗೆ ಬರದೆ ಹಿಂದಿನಿಂದಲೇ ಅತ್ತಳು. ಎಲ್ಲ ಸರಿಹೋಯಿತು, ಒಂದು ಬಿಟ್ಟು. ಅವಳು ನನ್ನನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟಳು. 'ಮಗೀನವ್ವ' ಅನ್ನುತ್ತಿದ್ದಳು, 'ಏ ಇವಳೇ' ಅನ್ನುತ್ತಿದ್ದಳು. ಕೋಪ ಇನ್ನೂ ಆರಿಲ್ಲವೆಂದುಕೊಂಡೆ. ಸುಣ್ಣ ತಣ್ಣಗಾಗಲು ಹೊತ್ತು ಬೇಕು.

ಎಷ್ಟೋ ವರ್ಷದ ಮೇಲೆ, ಅವಳು ಹಾಸಿಗೆ ಹಿಡಿದಾಗ ಕೇಳಿಯೇಬಿಟ್ಟೆ. "ಇನ್ನೂ ಕ್ವಾಪಾನಾ ಅವ್ವ? ಒಂದ್ಸಲ ನನ್ ಹೆಸ್ರಿಡ್ದು ಕರೀಬಾರ್ದಾ?"

ಅವಳು ಕಣ್ಣು ತೆರೆದು ಗಾಬರಿಯಿಂದ ನೋಡಿದಳು. "ಕ್ವಾಪ ಯಾಕವ್ವಾ? ಅವತ್ತು ಅಷ್ಟೊಂದು ಸಲ ಕೂಗ್ಬುಟ್ಟಿದ್ನಲ್ಲ. ಆ ನೀರು ನನ್ ದನೀನೂ ಕಲ್ತಿರ್ತದೆ, ನಿನ್ ಹೆಸ್ರೂ ಕಲ್ತಿರ್ತದೆ. ಮತ್ತೆ ನಾನೇ ಗ್ಯಾಪ್ಕ ಮಾಡ್ಲಾ?" ಎಂದಳು. ನನ್ನ ಅತ್ತೆಯ ಭಯವನ್ನು ಅಷ್ಟು ವರ್ಷ ಕೊರಟಗೆರೆಯಲ್ಲಿ ಕೂತು ಅವಳೂ ಹೊತ್ತಿದ್ದಳು. ನಾನು ಅದನ್ನು ಕೋಪವೆಂದು ತಿಳಿದಿದ್ದೆ. ಅವಳು ಹೋದಳು, ಹೆಸರು ಹಿಡಿಯದೆಯೇ ಹೋದಳು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಮಗನಿಗೆ ಮಧುಗಿರಿ ಕಡೆಯಿಂದ ಹೆಣ್ಣು ತಂದೆವು. ಅವಳೂ ಒಣ ದಾರಿಯಲ್ಲಿ ನಡೆದೇ ಬಂದಳು. ಮದುವೆ ಮುಗಿಸಿ ಹೊರಟ ಬೀಗಿತ್ತಿಯನ್ನು ನಾನು ಬೇವಿನ ಮರದವರೆಗೂ ಕರೆದುಕೊಂಡು ಹೋಗಿ, ಕೈಗೆ ಒಂದು ಹಿತ್ತಾಳೆ ತಟ್ಟೆ ಕೊಟ್ಟೆ. "ಮಳೆಗಾಲಕ್ಕೆ ಇದೆಲ್ಲ ನೀರಾಯ್ತದೆ. ಮಗಳ ಹೆಸ್ರಿಡ್ದು ಕೂಗ್ಬ್ಯಾಡಿ, ಇದ್ನ ಬಡೀರಿ" ಎಂದೆ. ಅವಳು ಈ ಮುದುಕಿಗೆ ತಲೆ ಕೆಟ್ಟಿದೆ ಎಂಬಂತೆ ನಕ್ಕಳು. ನಕ್ಕರೂ ಎರಡು ಸಲ ಬಡಿಸಿ ನೋಡಿಯೇ ಬಿಟ್ಟೆ. ಹರಿಗೋಲು ಒಂದನ್ನು ಹೆಂಗಸರಿಗೆಂದು ದಡದಲ್ಲಿ ಕಟ್ಟಿಸಿದೆ, ಹುಟ್ಟು ಹಾಕುವುದನ್ನು ಆ ವಯಸ್ಸಿನಲ್ಲಿ ಕಲಿತೆ.

ಆ ವರ್ಷ ಕೆರೆ ಕೋಡಿ ಬಿತ್ತು. ಒಂದು ದಿನ ನಡುಮಧ್ಯಾಹ್ನ, ಸೊಸೆ ಒಳಗೆ ಖಾರ ಅರೆಯುತ್ತಿದ್ದಳು, ನಾನು ಹೊರಗೆ ಮೀನು ಕೊಯ್ಯುತ್ತಿದ್ದೆ. ಬೇವಿನ ಮರದ ಕಡೆಯಿಂದ ತಟ್ಟೆಯ ಸದ್ದು ಬಂತು. ಕತ್ತಿ ಎಲ್ಲಿ ಎಸೆದೆನೋ, ಸೀರೆ ಯಾವಾಗ ಎತ್ತಿಕಟ್ಟಿದೆನೋ, ಮೊಣಕಾಲುದ್ದ ನೀರಿನಲ್ಲಿ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದೆ: "ಓ ಅವ್ವಾ! ಬಂದೇ ಕಣವ್ವಾ, ಹೋಗ್ಬ್ಯಾಡ!"

ಖಾರದ ಕೈಯಲ್ಲೇ ಓಡಿಬಂದ ಸೊಸೆ ನನ್ನ ತೋಳು ಹಿಡಿದು ನಗುತ್ತಿದ್ದಳು. "ಅಯ್ಯೋ ಅತ್ತೆ, ಅದು ನಮ್ಮವ್ವ ಕಣತ್ತೆ" ಎಂದಳು. ಹೌದು, ನಿಮ್ಮವ್ವನೇ ಎಂದು ಹೇಳಿ ನಾನು ಹರಿಗೋಲಿನ ಹಗ್ಗ ಬಿಚ್ಚಿದೆ.