ಮೈಸೂರು ಬೀಗತಿಗೆ ಹಾಡಿದ್ದು

ನಮ್ಮ ಕಡೆ ತಮ್ಮ ಊರನ್ನು ತಾವೇ ಹಾಡಿ ಹೊಗಳಿಕೊಳ್ಳುವವರು ಯಾರೂ ಇರಲಿಲ್ಲ. ಹಾಗೆ ಯಾರಾದರೂ ಹೊಗಳಿಕೊಂಡರೆ ಅವರ ಊರಿನಲ್ಲಿ ಏನೋ ಐಬು ಇರಬೇಕೆಂದು ಮಂದಿ ಅನುಮಾನ ಪಡುತ್ತಿದ್ದರು. ಯಾದಗಿರಿಯ ಹಾಡು ಕೇಳಬೇಕೆಂದರೆ ಶಹಾಪುರಕ್ಕೆ ಹೋಗಬೇಕು, ಶಹಾಪುರದ ಹಾಡು ಸುರಪುರದಲ್ಲಿ ಸಿಗುತ್ತಿತ್ತು, ಸುರಪುರದ ಹಾಡು ನನ್ನ ಹತ್ತಿರ ಇತ್ತು. ಎಲ್ಲವೂ ಬೈಗುಳವೇ. ಮದುವೆಗೆ ಬೀಗರು ಬಂಡಿಯಿಂದ ಇಳಿದು ಕಾಲಿಗೆ ನೀರು ಹಾಕಿಕೊಳ್ಳುವ ಮುಂಚೆಯೇ ಹೆಣ್ಣಿನ ಕಡೆಯ ಹೆಂಗಸರು ಅವರ ಊರನ್ನೂ ಗಂಡಿನ ತಾಯಿಯಾದ ಬೀಗತಿಯನ್ನೂ ಹಾಡಿನಲ್ಲಿ ಬೈಯಲು ಶುರು ಮಾಡಬೇಕು. ಬೈಯದಿದ್ದರೆ ಬೀಗತಿಗೆ ಸಿಟ್ಟು ಬರುತ್ತಿತ್ತು. "ನಮ್ಮನ್ನ ಮಂದಿ ಅಂತ ತಿಳದಾರೋ ಇಲ್ಲೋ?" ಎಂದು ಮುಖ ತಿರುಗಿಸಿಕೊಂಡು ಕೂತು, ಊಟಕ್ಕೆ ಏಳದ ಬೀಗತಿಯರನ್ನು ನಾನೇ ಕಂಡಿದ್ದೇನೆ.

ಶಹಾಪುರದ ಗುಡ್ಡ ಮನುಷ್ಯ ಅಂಗಾತ ಮಲಗಿದ ಹಾಗೆ ಕಾಣುತ್ತದೆ. ನನ್ನಂಥವಳಿಗೆ ಅಷ್ಟು ಸಾಕಿತ್ತು:

ಶಹಾಪುರದ ಗುಡ್ಡ ಮಲಗಿ ನಿದ್ದಿ ಮಾಡ್ತದ
ಊರಿನ ಗಂಡಸರು ಅದನ ಕಲ್ತಾರ, ಬೀಗತಿ
ಎಬ್ಬಿಸಿ ಹ್ಯಾಂಗ ಕರತಂದಿ?

ಸುರಪುರದವರಿಗೆ ಬೇರೆಯದೇ ಇತ್ತು. ಅರಸರ ಊರು, ಅರಸರು ಹೋದರೂ ಠೀವಿ ಹೋಗಿರಲಿಲ್ಲ:

ಸುರಪುರದ ಬೀಗರ ಮೀಸಿ ಎಷ್ಟುದ್ದ
ಬಾಗಲದಾಗ ಸಿಕ್ಕೊಂಡು ನಿಂತಾವ, ಬೀಗತಿ
ಎಣ್ಣಿ ಹಚ್ಚಿ ಬಿಡಿಸವ್ವ.

ಈ ಹಾಡುಗಳಿಂದ ಹದಿನೇಳು ತುಂಬುವುದರೊಳಗೆ ನನಗೆ ಹೆಸರು ಬಂದಿತ್ತು. ನಮ್ಮ ಯಾದಗಿರಿಯ ಪಕ್ಕದ ರಾಮಸಮುದ್ರದಲ್ಲಿ ಮದುವೆಯಾದರೂ ನಮ್ಮ ಮನೆಯ ದೊಡ್ಡ ಹಂಡೆ, ಜಮಖಾನೆಗಳ ಜೊತೆಗೆ ನನ್ನನ್ನೂ ಕೇಳಿ ಒಯ್ಯುತ್ತಿದ್ದರು. ನಾನು ಕಟ್ಟುವವಳು ಮಾತ್ರ, ನನ್ನ ದನಿ ನಾಲ್ಕು ಮಾರು ದಾಟುತ್ತಿರಲಿಲ್ಲ. ದನಿ ಕೊಡುವವಳು ಹತ್ತಿರದ ಮುದನಾಳ ಹಳ್ಳಿಯ ಕುರುಬರ ಹೆಂಗಸು. ವಾರಕ್ಕೊಮ್ಮೆ ನಮ್ಮ ಮನೆಗೆ ಬೆಣ್ಣೆ ತರುತ್ತಿದ್ದಳು. ಸಂಬಂಧವೇನೂ ಇರಲಿಲ್ಲ, ಆದರೂ ನಾನು ಅವಳನ್ನು ಚಿಗವ್ವ ಎನ್ನುತ್ತಿದ್ದೆ. ಮೂರು ಹೊಲದಾಚೆ ಹೋದ ಕುರಿಯನ್ನು ನಿಂತಲ್ಲಿಂದಲೇ ಕೂಗಿ ತಿರುಗಿಸುವ ಗಂಟಲು ಅವಳದು. ಅವಳು ಮೊದಲ ಸಾಲು ಎತ್ತಬೇಕು, ಎರಡನೆಯದನ್ನು ನಾನು ಹಿಡಿಯಬೇಕು, ಮೂರನೆಯದಕ್ಕೆ ಎಲ್ಲರೂ ಬೀಳಬೇಕು. ಹೀಗೆ ನಾವಿಬ್ಬರೂ ಸೇರಿ ಸುತ್ತಮುತ್ತಲಿನ ಎಷ್ಟು ಬೀಗತಿಯರ ಮಾನ ಕಳೆದೆವೋ ಆ ಶಿವನಿಗೇ ಗೊತ್ತು.

ಹೈದರಾಬಾದು ಹೋಗಿ ಮೈಸೂರು ಬಂದ ವರ್ಷ ಅದು. ಅಂದರೆ ನಾವು ಎಲ್ಲಿಗೂ ಹೋಗಲಿಲ್ಲ, ಯಾದಗಿರಿಯಲ್ಲೇ ಕೂತಿದ್ದೆವು, ರಾಜ್ಯ ಬದಲಾಯಿತು. ನಾನು ಓದಿದ್ದು ಉರ್ದು ಶಾಲೆಯಲ್ಲಿ. ಕನ್ನಡ ಕಲಿತದ್ದು ಮನೆಯಲ್ಲಿ, ಮುತ್ಯಾನ ಪುರಾಣದ ಪುಸ್ತಕದ ಮೇಲೆ ಬೆರಳಾಡಿಸಿ. ಇಂದಿಗೂ ಮಗ್ಗಿ ಹೇಳೆಂದರೆ ನನ್ನ ಬಾಯಿಗೆ ಮೊದಲು ಬರುವುದು ದೋ ದೂನಿ ಚಾರ್. ಈಗ ಹೆಣ್ಣುಮಕ್ಕಳ ಶಾಲೆಗೆ ಕನ್ನಡ ಕಲಿಸುವ ಹೆಂಗಸರು ಬೇಕಾಗಿದ್ದರು. ನಾನು ಅರ್ಜಿ ಹಾಕಿದೆ.

ಕಿರಾಣಿ ಅಂಗಡಿಯ ನಮ್ಮಪ್ಪ ವ್ಯವಹಾರದ ಮನುಷ್ಯ. "ಯುಗಾದಿ ಒಳಗ ಆರ್ಡರ್ ಬಂತಂದ್ರ ಸಾಲಿಗಿ ಹೋಗು. ಬರಲಿಲ್ಲಂದ್ರ ಗುರುಮಠಕಲ್ಲಿಗಿ ಹೋಗು" ಎಂದ. ಗುರುಮಠಕಲ್ಲಿನಲ್ಲಿ ನನಗೊಂದು ವರ ಕಾದಿತ್ತು. ಶೇಂಗಾ ವ್ಯಾಪಾರಿ, ಎರಡನೆಯ ಸಂಬಂಧ, ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ನನ್ನನ್ನು ನೋಡಲು ಬಂದವನು ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು ತಿಂದ, ನಮ್ಮ ಅಂಗಡಿಯ ತಕ್ಕಡಿಯನ್ನು ಚೆನ್ನಾಗಿ ನೋಡಿದ, ನನ್ನನ್ನು ನೋಡಲಿಲ್ಲ. ಯುಗಾದಿಗೆ ಒಂದೂವರೆ ತಿಂಗಳಿತ್ತು.

ಅರ್ಜಿ ಹೋದದ್ದು ಹೊಸ ಶಾಲಾ ಇನ್‌ಸ್ಪೆಕ್ಟರರ ಕೈಗೆ. ಅವರೂ ಅವರ ತಾಯಿಯೂ ನಮ್ಮ ಓಣಿ ಕಂಡ ಮೊದಲ ಮೈಸೂರಿನವರು. ಹೆಂಡತಿ ಹೆರಿಗೆಗೆಂದು ತವರಿನಲ್ಲಿದ್ದರಂತೆ. ಮಗ ಒಳ್ಳೆಯವರು, ಆದರೆ ಇಸ್ತ್ರಿ ಮಾಡಿದ ಮುಖ. ತಾಯಿಯಂತೂ ಬಂದು ಮೂರು ತಿಂಗಳಾದರೂ ಹೊಸ್ತಿಲು ದಾಟಿರಲಿಲ್ಲ. "ಬಾಯಿ ತೆಗದ್ರ ಮುತ್ತು ಉದುರ್ತಾವೇನ ಆಕಿಗಿ?" ಎಂದು ಓಣಿಯ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು.

ಒಂದು ದಿನ ಇನ್‌ಸ್ಪೆಕ್ಟರರು ನನ್ನನ್ನು ಕರೆಸಿ ಒಂದು ಹಾಳೆ ಕೊಟ್ಟರು. ರಾಜ್ಯ ಸೇರಿದ ಸಂತೋಷಕ್ಕೆ ಶಾಲೆಯ ಅಂಗಳದಲ್ಲಿ ಸಮಾರಂಭ, ಅದರಲ್ಲಿ ಊರ ಹೆಂಗಸರು ನಾಡಿನ ಮೇಲೆ ಹಾಡಬೇಕು. "ಆರು ಜನಕ್ಕೆ ಈ ಹಾಡು ಕಲಿಸಿ. ಚೆನ್ನಾಗಿ ಕಲಿಸಿದರೆ ನಿಮಗೆ ಪಾಠ ಹೇಳೋ ಶಕ್ತಿ ಇದೆ ಅಂತ ತಿಳ್ಕೋತೀನಿ" ಎಂದರು. ಇದೇ ನನ್ನ ಪರೀಕ್ಷೆ ಎಂದು ತಿಳಿಯದಷ್ಟು ಪೆದ್ದಿಯಲ್ಲ ನಾನು.

ಹಾಳೆಯ ತುಂಬ ಗಂಧದ ಮರ, ಆನೆ, ಧುಮ್ಮಿಕ್ಕುವ ಜಲಪಾತ, ಮಂಜು ಮುಸುಕಿದ ಬೆಟ್ಟ. ನಮ್ಮ ಹಿತ್ತಲಲ್ಲಿ ಮೊದಲ ದಿನ ಓದಿ ಹೇಳಿದಾಗ ಚಿಗವ್ವ ಗಲ್ಲಕ್ಕೆ ಕೈ ಹಚ್ಚಿ ಕೇಳಿದಳು, ಆಮೇಲೆ ಶುರು ಮಾಡಿದಳು.

"ಯಾವ ನಾಡವ್ವ ಇದು?"

"ನಮ್ದೇ ಚಿಗವ್ವ."

"ಮತ್ತ ನಾ ಯಾಕ ಕಂಡಿಲ್ಲ? ಆನಿ ಅದ, ಕುರಿ ಇಲ್ಲ. ಕೃಷ್ಣಾ ಇಲ್ಲ, ಭೀಮಾ ಇಲ್ಲ. ಬಿಸಿಲಂತೂ ಇಲ್ಲೇ ಇಲ್ಲ. ಬಿಸಿಲಿಲ್ಲದ ನಮ್ಮ ನಾಡನ್ನ ಎಲ್ಲಿಂದ ಹುಡಿಕ್ಯಾರವ್ವ ಸಾಹೇಬ್ರು?"

"ಸುಮ್ಮನ ಹಾಡು. ನನ್ನ ನೌಕರಿ ಅದ ಇದರಾಗ."

ನನ್ನ ಸಲುವಾಗಿ ಹಾಡಿದಳು ಪಾಪ. ಆದರೆ ಆಕೆಗೆ ಸಮಾಧಾನವಿಲ್ಲ. ನಾಲ್ಕನೆಯ ದಿನ ಎಲೆ ಅಡಿಕೆ ಹಾಕಿಕೊಂಡು ನ್ಯಾಯ ತೆಗೆದಳು: "ಸೇರೋದಂದ್ರ ಏನು? ಸಂಬಂಧ. ಸಂಬಂಧಂದ್ರ ಬೀಗರು. ಬೀಗರು ಮನಿಗಿ ಬಂದಾಗ ಹೊಗಳಿ ಹಾಡ್ತಾರೇನ ಎಲ್ಲ್ಯಾರ? ನಮ್ಮ ಇಜ್ಜತ್ ಏನಾತು, ಅವರ ಇಜ್ಜತ್ ಏನಾತು?"

ಮಾತು ಬರೋಬ್ಬರಿ ಇತ್ತು. ಅದೇ ನನ್ನ ಗ್ರಹಚಾರ. ನಾಲಿಗೆ ತುರಿಸತೊಡಗಿತು. ನಮ್ಮ ನಗೆಗೆ ಮಾತ್ರ ಎಂದು, ಹಿತ್ತಲು ದಾಟಿ ಹೊರಗೆ ಹೋಗಕೂಡದು ಎಂದು ಎಲ್ಲರಿಂದ ಆಣೆ ಹಾಕಿಸಿಕೊಂಡು, ಮೈಸೂರಿನ ಮೇಲೆ ಮೂರು ನುಡಿ ಕಟ್ಟಿಬಿಟ್ಟೆ. ಆಣೆಯ ಕತೆ ಗೊತ್ತೇ ಇದೆಯಲ್ಲ. ಮರುದಿನದಿಂದ ನಾಡಿನ ಹಾಡು ಒಂದು ಸಲ, ಬೀಗರ ಹಾಡು ನಾಲ್ಕು ಸಲ. ಕಲಿಸುವುದರಲ್ಲಿ ನಾನು ಎಂಥ ಸಡಿಲು ಮಾಸ್ತರಿಣಿಯಾಗಲಿದ್ದೆ ಎನ್ನುವುದು ಆಗಲೇ ತಿಳಿಯಬೇಕಿತ್ತು.

ಸಮಾರಂಭದ ದಿನ ಅಂಗಳ ತುಂಬಿತ್ತು. ಮುಂದಿನ ಸಾಲಿನಲ್ಲಿ ಖುರ್ಚಿಗಳು, ನಡುವಿನ ಖುರ್ಚಿಯಲ್ಲಿ ಇನ್‌ಸ್ಪೆಕ್ಟರರ ತಾಯಿ, ತಲೆಯ ಮೇಲಿನ ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು ಕೂತಿದ್ದರು. ಕಡೆಗೂ ಹೊರಗೆ ಬಂದರಲ್ಲ ಎಂದು ಎಲ್ಲರೂ ಅವರನ್ನೇ ನೋಡುತ್ತಿದ್ದರು. ನಾವು ಏಳು ಜನ ಕಟ್ಟೆಯ ಮೇಲೆ ನಿಂತೆವು. ಗಂಧದ ಮರ ಚೆನ್ನಾಗಿ ಹೋಯಿತು. ಆನೆಯೂ ಹೋಯಿತು. ಜಲಪಾತಕ್ಕೆ ಬಂದಾಗ ಚಿಗವ್ವ ಬಾಯಿ ತೆರೆದವಳು ತೆರೆದೇ ನಿಂತಳು. ಉಳಿದವರು ನನ್ನ ಮುಖ ನೋಡಿದರು. ಕಲಿಸಿದವಳು ನಾನು, ನನಗೇ ಮರೆತು ಹೋಗಿತ್ತು! ಮುಂದಿನ ಸಾಲಿನಲ್ಲಿ ಇನ್‌ಸ್ಪೆಕ್ಟರರು ಕನ್ನಡಕ ತೆಗೆದು ಒರೆಸತೊಡಗಿದರು. ನನ್ನ ಕಣ್ಣ ಮುಂದೆ ಗುರುಮಠಕಲ್ಲಿನ ಶೇಂಗಾ ಚೀಲಗಳು ಕಂಡವು.

ಚಿಗವ್ವ ಏನನ್ನಾದರೂ ತಾಳಿಯಾಳು, ಹಾಡುವ ಜಾಗದಲ್ಲಿ ಮೌನ ತಾಳಳು. ಮದುವೆಯಲ್ಲಿ ದನಿ ನಿಂತರೆ ಎದುರಿನವರು ಗೆದ್ದಂತೆ. ಸೀದಾ ನಡುವಿನ ಖುರ್ಚಿಯತ್ತ ಕೈ ನೀಡಿ ಎತ್ತಿಯೇ ಬಿಟ್ಟಳು:

ಮೈಸೂರ ಬೀಗತಿ ಮಾತು ಬಲು ಮೆತ್ತಗ

ಎರಡನೆಯ ಸಾಲು ನನ್ನದು. ಆಗ ನಾನು ಅವಳ ಸೆರಗು ಜಗ್ಗಿದ್ದರೆ ಎಲ್ಲ ಮುಗಿಯುತ್ತಿತ್ತು. ನೌಕರಿ ಹೋದರೆ ಹೋಗಲಿ ಎನ್ನುವ ಧೈರ್ಯ ನನಗೆ ಖಂಡಿತ ಇರಲಿಲ್ಲ. ಆದರೆ ನಾನೇ ಕಟ್ಟಿದ ನುಡಿಯನ್ನು ಅರ್ಧಕ್ಕೆ ಬಿಡುವುದು ನನ್ನಿಂದಾಗಲಿಲ್ಲ. ಹಿಡಿದೆ:

'ಬನ್ನಿ' ಅನ್ನೂದರಾಗ ಹೊತ್ತು ಮುಳುಗ್ಯಾದ, ಬೀಗತಿ
ಬಂದವರು ಹಸಿದು ಹೋಗ್ಯಾರ.

ಬೆರಳಷ್ಟು ಲೋಟದಾಗ ಕರಿನೀರು ಕೊಟ್ಟಾಳ
ಕಾಫಿ ಅಂತಾಳ ಅದಕ, ಬೀಗತಿ
ಎಮ್ಮಿ ಸತ್ತಾವೇನ ನಿಮ್ಮೂರಾಗ?

ಮುದ್ದಿ ನುಂಗಿ ನುಂಗಿ ಹಲ್ಲಿಗಿ ಕೆಲಸಿಲ್ಲ
ಕಟಕ್ ರೊಟ್ಟಿ ಕಡಿ ಬಾ, ಬೀಗತಿ
ಹಲ್ಲು ಎಷ್ಟದಾವ ಎಣಿಸೋಣ.

ಅಂಗಳ ಎದ್ದು ಕುಣಿಯಿತು. ಗಂಡಸರು ಸೀಟಿ ಹೊಡೆದರು, ಹೆಂಗಸರು "ಇನ್ನೊಂದು, ಇನ್ನೊಂದು" ಎಂದು ಕೂಗಿದರು. ಇನ್‌ಸ್ಪೆಕ್ಟರರ ತಾಯಿ ಮಾತ್ರ ಸೆರಗನ್ನು ಮುಖದ ತುಂಬ ಎಳೆದುಕೊಂಡು ಬಗ್ಗಿದರು. ಹೆಗಲು ಅಲುಗುತ್ತಿದ್ದವು. ಮಗ ಓಡಿ ಬಂದು ಕೈ ಹಿಡಿದು ಎಬ್ಬಿಸಿ, ಯಾರ ಮುಖವನ್ನೂ ನೋಡದೆ ಟಾಂಗಾ ಹತ್ತಿಸಿಕೊಂಡು ಹೋದರು. ಟಾಂಗಾ ಹತ್ತುವಾಗ ಸೆರಗು ಜಾರಿತು.

ಚಿಗವ್ವ ನನ್ನ ರಟ್ಟೆ ಹಿಡಿದಳು. "ಏ ಹುಡಿಗಿ, ಆಕಿ ಹಣಿ ಬೋಳು ಅದಲ್ಲೇ! ಕುಂಕುಮ ಇಲ್ಲ. ಬಿಸಿಲಿಗಿ ಸೆರಗು ಹೊತ್ತಾಳ ಅಂತ ಮಾಡಿದ್ದೆ ನಾ."

ಬೀಗತಿ ಹಾಡು ಮುತ್ತೈದೆಗೆ ಹಾಡುವುದು. ಗಂಡಿನ ತಾಯಿ ವಿಧವೆಯಾದರೆ ಅವಳ ಸುದ್ದಿಗೆ ಹೋಗದೆ ಅವಳ ವಾರಗಿತ್ತಿಯನ್ನೋ ನಾದಿನಿಯನ್ನೋ ಕೂಡಿಸಿ ಹಾಡುತ್ತಾರೆ. ಅವಳು ಒಳಗೆಲ್ಲೋ ಇರುತ್ತಾಳೆ. ಊರೆಲ್ಲ ನೆರೆದ ಕಡೆ, ಒಬ್ಬ ವಿಧವೆಯತ್ತ ಕೈ ಮಾಡಿ, ಬಾಯಲ್ಲಿ ಹಲ್ಲೆಷ್ಟು ಎಂದು ಕೇಳಿದ್ದೆವು. ನೌಕರಿಯ ಮಾತು ಹಾಗಿರಲಿ, ನನಗೆ ನಿಜಕ್ಕೂ ನಾಚಿಕೆಯಾಯಿತು.

ಅಪ್ಪ ಬೈಯಲಿಲ್ಲ, ಅದು ಇನ್ನೂ ಕೆಟ್ಟದ್ದು. "ನಾಳಿ ಹೋಗಿ ಆ ತಾಯಿ ಕಾಲು ಹಿಡಕೊಂಡು ಬಾ. ಬಂದ ಮ್ಯಾಲ ಗುರುಮಠಕಲ್ಲಿಗಿ ಕಾಗದ ಬರೀತೀನಿ" ಎಂದಷ್ಟೇ ಹೇಳಿದ.

ಬೆಳಿಗ್ಗೆ ಚಿಗವ್ವನೂ ಜೊತೆಗೆ ಬಂದಳು, ಕೈಯಲ್ಲಿ ಬೆಣ್ಣೆಯ ಗಡಿಗೆ ಬೇರೆ. ಇನ್‌ಸ್ಪೆಕ್ಟರರು ಪಡಸಾಲೆಯಲ್ಲಿ ನನ್ನ ಅರ್ಜಿಯನ್ನೇ ಮುಂದಿಟ್ಟುಕೊಂಡು ಕೂತಿದ್ದರು.

"ಆ ಹಾಡು ಕಟ್ಟಿದ್ದು ಯಾರು?"

"ನಾನ್ರಿ ಸಾಹೇಬ್ರ" ಎಂದಳು ಚಿಗವ್ವ ನನಗಿಂತ ಮುಂಚೆ. "ಈ ಹುಡಿಗಿಗಿ ಏನೂ ಗೊತ್ತಿಲ್ರಿ. ಬಡವಿ ತಪ್ಪು ಹೊಟ್ಟ್ಯಾಗ ಹಾಕ್ಕೊಳ್ರಿ."

ನನ್ನನ್ನು ಉಳಿಸಲು ಹೇಳಿದ ಸುಳ್ಳು ಅದು. ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ನನ್ನ ಹಾಡು ಇನ್ನೊಬ್ಬರದ್ದು ಎಂದರೆ ಮೈಯೆಲ್ಲ ಉರಿಯಿತು. "ಆಕಿಗಿ ಒಂದು ಸಾಲು ಕಟ್ಟಾಕ ಬರಂಗಿಲ್ರಿ! ಮೂರೂ ನಾನೇ ಕಟ್ಟೀನ್ರಿ" ಎಂದುಬಿಟ್ಟೆ. ಚಿಗವ್ವ ಹಣೆ ಚಚ್ಚಿಕೊಂಡಳು.

ಇನ್‌ಸ್ಪೆಕ್ಟರರು ಅರ್ಜಿಯನ್ನು ಮಡಚಿಟ್ಟರು. "ನೀವು ಬೈದದ್ದು ನನ್ನನ್ನಲ್ಲ, ಅಮ್ಮನನ್ನ. ನಿನ್ನೆಯಿಂದ ಅವರು ನನ್ನ ಹತ್ತಿರ ಏನೂ ಮಾತಾಡಿಲ್ಲ. ಒಳಗೆ ಹೋಗಿ. ಅವರು ಏನು ಹೇಳ್ತಾರೋ ನೋಡಿ ಅರ್ಜಿ ವಿಚಾರ ಮಾಡ್ತೀನಿ."

ಅಡುಗೆಮನೆಯಲ್ಲಿ ಅವರು ಒಲೆಯ ಮುಂದೆ ಕೂತಿದ್ದರು. ಚಿಗವ್ವ ಗಡಿಗೆ ಹಿಡಿದು ಬಾಗಿಲಲ್ಲೇ ಉಳಿದಳು, ನಾನು ಹೋದವಳೇ ಕಾಲಿಗೆ ಬಿದ್ದೆ. "ತಪ್ಪಾತ್ರಿ ಅಮ್ಮಾ. ನಿಮ್ಮ ಹಣಿ ನಾವು ನೋಡಿದ್ದಿಲ್ರಿ."

"ನೋಡಿದ್ದಿದ್ರೆ ಹಾಡ್ತಿರಲಿಲ್ಲ, ಅಲ್ವಾ?"

"ಇಲ್ರಿ. ದೇವರಾಣಿ ಹಾಡ್ತಿದ್ದಿಲ್ರಿ."

"ಸದ್ಯ, ನೋಡಲಿಲ್ಲ" ಎಂದರು.

ನಾನು ತಲೆಯೆತ್ತಿದೆ. ಅವರು ನಗುತ್ತಿದ್ದರು. "ಇವನ ಮದುವೇಲಿ ನನ್ನನ್ನ ಕೋಣೆಯೊಳಗೆ ಕೂರಿಸಿದ್ರು ಕಣೆ. ಚಪ್ಪರದಲ್ಲಿ ಹೆಣ್ಣಿನ ಕಡೆಯೋರು ನನ್ನ ಓರಗಿತ್ತೀನ ಕೂರಿಸ್ಕೊಂಡು ಹಾಡಿ ಬೈದ್ರು. ಹೆತ್ತೋಳು ನಾನು, ಬೈಗುಳ ಅವಳಿಗೆ. ಬಾಗಿಲ ಸಂದೀಲಿ ಕೇಳ್ತಾ ಕೂತಿದ್ದೆ. ನಿನ್ನೆ ಅಷ್ಟು ಜನದ ಮುಂದೆ ನೀವು ನನ್ನ ಕಡೆ ಕೈ ತೋರಿಸಿ ಬೀಗತಿ ಅಂದ್ರಲ್ಲ, ನಗು ತಡೆಯೋಕಾಗದೆ ಸೆರಗು ಮುಚ್ಕೊಂಡೆ. ಆಮೇಲೆ ಅಳೂನೂ ಬಂತು. ಮಗನಿಗೆ ಅದನ್ನ ಹೇಗೆ ಹೇಳೋದು ಅಂತ ಸುಮ್ಮನಿದ್ದೆ."

ಅವರು ಸಣ್ಣ ಲೋಟದಲ್ಲಿ ಕಾಫಿ ಸುರಿದು ನನ್ನ ಕೈಗಿಟ್ಟು, "ನಮ್ಮನೇಲಿ ಮುದ್ದೆ ಮಾಡಲ್ಲ, ಅದೊಂದು ತಪ್ಪು ಹಾಡಿದೀಯ. ಉಳಿದದ್ದೆಲ್ಲ ಸರಿ ಇದೆ" ಎಂದರು.

ಒಳಗಿನ ಮಾತೆಲ್ಲ ಕೇಳಿಸಿಕೊಂಡಿದ್ದ ಇನ್‌ಸ್ಪೆಕ್ಟರರ ದನಿ ಪಡಸಾಲೆಯಿಂದ ಬಂತು. "ಅಮ್ಮಾ, ಈ ಹುಡುಗಿ ಅರ್ಜಿ ಏನು ಮಾಡಲಿ? ಸುರಪುರದಲ್ಲಿ ಒಂದು ಜಾಗ ಖಾಲಿ ಇದೆ. ಇಲ್ಲೂ ಒಂದಿದೆ."

"ಇಲ್ಲೇ ಹಾಕೋ" ಎಂದು ತಾಯಿ ಕೂತಲ್ಲಿಂದಲೇ ಕೂಗಿದರು. "ಅಷ್ಟು ದೂರ ಕಳಿಸಿದ್ರೆ ನನ್ನನ್ನ ಬೈಯೋರು ಯಾರು?"