ಎರಡೂವರೆ ಮೀಟರ್ ಕೆಳಗೆ

ಟಿರೋಲ್ ಬೆಟ್ಟಸಾಲಿನ ಫೆರ್ನಾಖ್ ಹಳ್ಳಿಯಲ್ಲಿ ಹಿಮದಡಿ ಹೂತವರನ್ನು ಪತ್ತೆಹಚ್ಚುವ ಬೀಕನ್ ಯಂತ್ರ ಹಿಡಿದು ಬುರ್ಗಿಯಷ್ಟು ಚುರುಕಾಗಿ ಹುಡುಕುವವರು ಇನ್ನೊಬ್ಬರಿಲ್ಲ. ಪ್ರತಿ ಡಿಸೆಂಬರ್‌ನಲ್ಲಿ ರಕ್ಷಣಾ ತಂಡಕ್ಕೆ ಹೊಸದಾಗಿ ಸೇರಿದವರಿಗೆ ಪಾಠ ಹೇಳುವವಳೂ ಅವಳೇ. ಪಾಠವೇನೋ ಸರಳ. ಹಿಮ ಕುಸಿದು ಹಲವರು ಹೂತುಹೋದಾಗ ಅವರ ಎದೆಗೆ ಕಟ್ಟಿದ ಬೀಕನ್‌ಗಳೆಲ್ಲ ಹುಡುಕುವವರ ಯಂತ್ರದಲ್ಲಿ ಒಟ್ಟಿಗೇ ಕೂಗುತ್ತವೆ. ಒಂದರ ಹತ್ತಿರ ಹೋಗಿ ಆಳ ನೋಡಬೇಕು. ಮೇಲಿದ್ದರೆ ಅಗೆಯಬೇಕು. ತೀರಾ ಆಳದಲ್ಲಿದ್ದರೆ ಯಂತ್ರದ ಗುಂಡಿ ಒತ್ತಿ ಗುರುತು ಹಾಕಿ ಮುಂದಿನವರ ಕಡೆ ಓಡಬೇಕು. ಗುರುತು ಬಿದ್ದ ಕೂಡಲೇ ಆ ಸದ್ದು ಕಿವಿಗೆ ಬೀಳುವುದು ನಿಲ್ಲುತ್ತದೆ.

ಈ ಸಲ ಆಫ್ರಾ ಎಂಬ ಹೊಸ ಹುಡುಗಿ ಕೇಳಿಯೇಬಿಟ್ಟಳು, "ಆಳದಲ್ಲಿರೋರು ನಮ್ಮೋರೇ ಆಗಿದ್ರೆ ಏನ್ಮಾಡೋದು ಅಕ್ಕ?"

"ಯಂತ್ರ ಮೀಟರ್ ಹೇಳುತ್ತೆ ಕಣೇ, ಹೆಸರು ಹೇಳಲ್ಲ. ಯಾರು ಅಂತ ಗೊತ್ತೇ ಆಗಲ್ಲ."

ಒಂಬತ್ತು ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ಬಂದ ಮಾತು. ಇವತ್ತು ಆ ಹುಡುಗಿಯ ಮುಖ ನೋಡಿ ಹೇಳುವುದು ಕಷ್ಟವಾಯಿತು.

ಸುಳ್ಳು ಮಾರಾಯರೇ, ಶುದ್ಧ ಸುಳ್ಳು! ಅವಳಿಗೆ ಗೊತ್ತಾಗಿತ್ತು. ಗಂಡ ವಿನ್ಸೆಂಟ್ಸ್ ಮಹಾ ಹಟಮಾರಿ. ಕಣಿವೆಯವರೆಲ್ಲ ಹೊಸ ಬೀಕನ್ ಕೊಂಡರೂ ಅವನು ಹಳೆಯದನ್ನೇ ಕಟ್ಟಿಕೊಂಡು ತಿರುಗುತ್ತಿದ್ದ. ಬೇರೆಯವು ಪಿಕ್ ಪಿಕ್ ಎಂದರೆ ಅದು ಸಿಳ್ಳೆಯಂತೆ ಉದ್ದಕ್ಕೆ ಎಳೆಯುತ್ತಿತ್ತು. ಒಂಬತ್ತು ವರ್ಷದ ಹಿಂದಿನ ಆ ಫೆಬ್ರವರಿ ಬೆಳಿಗ್ಗೆ ಅವನು ಇಬ್ಬರು ಪ್ರವಾಸಿಗರನ್ನು ಕರೆದುಕೊಂಡು ಸ್ಕೀ ಮೇಲೆ ಇಳಿಯುತ್ತಿದ್ದ, ಹಿಂದೆ ಬುರ್ಗಿ. ಕಣ್ಣೆದುರೇ ಮೂವರನ್ನೂ ಹಿಮ ನುಂಗಿತು. ಯಂತ್ರ ಅವಳನ್ನು ಮೊದಲು ಕರೆದೊಯ್ದದ್ದು ಆ ಸಿಳ್ಳೆಯ ಬಳಿಗೇ. ಎರಡೂವರೆ ಮೀಟರ್ ಆಳ. ಒಬ್ಬಳೇ ಅಗೆದರೆ ಮುಕ್ಕಾಲು ಗಂಟೆ, ಅಷ್ಟರಲ್ಲಿ ಮೂವರೂ ಹೋಗುತ್ತಾರೆ. ಗುಂಡಿ ಒತ್ತಿದಳು. ಗಂಡನ ಸದ್ದು ನಿಂತಿತು. ಆ ಇಬ್ಬರು ಬದುಕಿದರು.

ಅಂದಿನಿಂದ ಮನೆಯಲ್ಲಿ ಅವಳು ಮತ್ತು ವಿನ್ಸೆಂಟ್ಸ್‌ನ ತಾಯಿ ತ್ಸೆನ್ಸಿ, ಇಬ್ಬರೇ. "ಪಾಪ, ಅವಳಿಗೇನು ಗೊತ್ತಿತ್ತು!" ಎಂದು ಊರವರ ಬಾಯಿ ಮುಚ್ಚಿಸಿದವಳು ಆ ಅತ್ತೆ. ಬುರ್ಗಿಗೆ ತನ್ನವರೆಂದು ಉಳಿದದ್ದು ಅದೊಂದೇ ಜೀವ. ನಿಜ ಹೇಳಿದರೆ ಅದೂ ಕೈತಪ್ಪೀತೆಂದು ಬಾಯಿ ಹೊಲಿದುಕೊಂಡಿದ್ದಳು. ಒಂದೇ ಮೇಜಿನಲ್ಲಿ ಉಂಡೂ ಒಂಟಿ! ಅಂಥ ಒಂಟಿತನ ಶತ್ರುವಿಗೂ ಬೇಡ.

ಪಾಠ ಮುಗಿಸಿ ಬಂದವಳು ಮಧ್ಯಾಹ್ನ ಬ್ರೆಡ್ ಉಂಡೆಯ ಸಾರು ಬಡಿಸಿ, ಕೂತವಳೇ ಹೇಳಿಬಿಟ್ಟಳು.

"ಅತ್ತೆ, ಅದು ಅವನೇ ಅಂತ ನಂಗೆ ಗೊತ್ತಿತ್ತು."

ಮುದುಕಿಯ ಚಮಚ ನಿಂತಿತು. "ಗೊತ್ತಿದ್ದೂ ಬಿಟ್ಟು ಹೋದ್ಯಾ?"

"ಹೋದೆ."

"ಮೇಲಿನ ಸದ್ದು ಕೆಳಗಿದ್ದೋರಿಗೆ ಕೇಳುತ್ತಂತಲ್ಲ. ನೀನು ಹೋಗಿದ್ದು ಅವನಿಗೆ ಕೇಳಿಸ್ತಾ?"

ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸುಳ್ಳು ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು.

"ಕೇಳಿಸಿರುತ್ತೆ. ಹಿಮದ ಮೇಲೆ ಬೋರಲು ಬಿದ್ದು ಕೂಗಿದೆ ಅತ್ತೆ. ತಡ್ಕೋ, ಆ ಇಬ್ಬರನ್ನ ತೆಗೆದು ಬರ್ತೀನಿ ಅಂತ."

"ಬಂದ್ಯಾ?"

"ಬಂದೆ. ಅರ್ಧ ಗಂಟೆ ಆಗಿತ್ತು."

ಅತ್ತೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸಾರು ಮುಗಿಸಿ, ಬಟ್ಟಲು ತೊಳೆದಿಟ್ಟು, ಕೋಣೆಗೆ ಹೋಗಿ ತನ್ನ ಮಗಳಿಗೆ ಫೋನ್ ಮಾಡಿದಳು. ಶನಿವಾರ ಮಗಳ ಕಾರು ಬಂತು. ಪೆಟ್ಟಿಗೆಗಳನ್ನು ಬುರ್ಗಿಯೇ ಎತ್ತಿ ಕಾರಿಗಿಟ್ಟಳು.

"ನೀನು ಮಾಡಿದ್ದು ಸರಿನೇ ಕಣೇ," ಎಂದಳು ತ್ಸೆನ್ಸಿ, ಕಾರಿನ ಬಾಗಿಲು ಎಳೆದುಕೊಳ್ಳುತ್ತ. "ಆದ್ರೆ ದಿನಾ ನಿನ್ನ ಮುಖ ನೋಡ್ಕೊಂಡಿರೋಕೆ ನನ್ನ ಕೈಲಿ ಆಗಲ್ಲ."